ಸ್ಲೋ ಕುಕ್ಕರ್‌ನಲ್ಲಿ ಪುಲ್ಡ್ ಪೋರ್ಕ್: ನೀರು ಕಮ್ಮಿ, ಸಾಸ್ ಕೊನೆಗೆ

ಪುಲ್ಡ್ ಪೋರ್ಕ್ ಅಂದರೆ ಮೆತ್ತಗೆ ಬೇಯಿಸಿ ಎಳೆ ಎಳೆಯಾಗಿ ಬಿಡಿಸಿದ ಹಂದಿ ಮಾಂಸ. ಸ್ಲೋ ಕುಕ್ಕರ್‌ಗೆ, ಅಂದರೆ ಕಮ್ಮಿ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆಗೆ, ಮಾಂಸ ಹಾಕಿ, ಮೇಲೆ ಒಂದು ಬಾಟಲಿ ಬಾರ್ಬೆಕ್ಯೂ ಸಾಸ್ ಸುರಿದು ಮುಚ್ಚಿಬಿಡುವುದು ತುಂಬ ಜನರ ಪದ್ಧತಿ. ನನಗೆ ಅದು ಆಗಿಬರುವುದಿಲ್ಲ. ಬೇಯುತ್ತಾ ಮಾಂಸ ತಾನೇ ನೀರು ಬಿಡುತ್ತದೆ, ಮುಚ್ಚಳದಿಂದ ಆವಿ ಹೊರಗೆ ಹೋಗುವುದಿಲ್ಲ. ಸಂಜೆ ಹೊತ್ತಿಗೆ ಸಾಸ್ ಹೋಗಿ ಸಿಹಿ ಸಾರು ಉಳಿದಿರುತ್ತದೆ. ಅದನ್ನು ಬನ್ ಮೇಲೆ ಹಾಕಿದರೆ ಬನ್ ಕೈಯಲ್ಲೇ ಮುದ್ದೆಯಾಗುತ್ತದೆ. ಹಾಗಾಗಿ ನನ್ನ ಅಡುಗೆಯಲ್ಲಿ ಸಾಸ್ ಬರುವುದು ಕಟ್ಟಕಡೆಗೆ.

ಹಂದಿಯ ಹೆಗಲಿನ ಭಾಗವನ್ನೇ ಕೇಳಿ ತಗೊಳ್ಳಿ. ಪೊಟ್ಟಣದ ಮೇಲೆ ಪೋರ್ಕ್ ಶೋಲ್ಡರ್ ಅಂತಿದ್ದರೂ ಸರಿ, ಬಾಸ್ಟನ್ ಬಟ್ ಅಂತಿದ್ದರೂ ಸರಿ. ಬೆನ್ನಿನ ಮಾಂಸ, ಅಂದರೆ ಲಾಯ್ನ್, ನೋಡಲು ಚೆಂದ, ಕೊಬ್ಬೂ ಕಮ್ಮಿ. ಆದರೆ ಇಷ್ಟು ಹೊತ್ತು ಬೆಂದರೆ ಒಣ ನಾರಾಗುತ್ತದೆ. ಹೆಗಲಿನಲ್ಲಿ ಎಳೆಗಳ ನಡುವೆ ಕೊಬ್ಬು ಇರುತ್ತದೆ, ಎಳೆಗಳನ್ನು ಕಟ್ಟಿಹಿಡಿಯುವ ಕೊಲಾಜನ್ ಇರುತ್ತದೆ. ನಿಧಾನದ ಬಿಸಿಗೆ ಈ ಕೊಲಾಜನ್ ಕರಗಿ ಜೆಲಟಿನ್ ಆಗುತ್ತದೆ. ತಿನ್ನುವಾಗ ತುಟಿಗೆ ಸ್ವಲ್ಪ ಅಂಟುತ್ತದಲ್ವಾ, ಅದು ಇದೇ.

2 ಕಿಲೋ ಮಾಂಸಕ್ಕೆ ಎಂಟು ಹತ್ತು ಸ್ಯಾಂಡ್‌ವಿಚ್ ಆಗುತ್ತವೆ. ಮೇಲಿನ ದಪ್ಪ ಕೊಬ್ಬು ಕತ್ತರಿಸಿ ತೆಗೆದು, ಎರಡು ಮೂರು ದೊಡ್ಡ ತುಂಡು ಮಾಡಿ. ಮಸಾಲೆಗೆ 4 ಟೀ ಚಮಚ ಪುಡಿ ಉಪ್ಪು, 2 ಟೇಬಲ್ ಚಮಚ ಬ್ರೌನ್ ಶುಗರ್, 1 ಟೇಬಲ್ ಚಮಚ ಪ್ಯಾಪ್ರಿಕಾ (ಖಾರ ಕಮ್ಮಿಯಿರುವ ಕೆಂಪು ಮೆಣಸಿನ ಪುಡಿ), ಕಾಳುಮೆಣಸಿನ ಪುಡಿ ಮತ್ತು ಬೆಳ್ಳುಳ್ಳಿ ಪುಡಿ ತಲಾ 2 ಟೀ ಚಮಚ, ಜೀರಿಗೆ ಪುಡಿ 1 ಟೀ ಚಮಚ. ಹೊಗೆ ಹಾಕಿದ ಪ್ಯಾಪ್ರಿಕಾ ಸಿಕ್ಕರೆ ಅದನ್ನೇ ಬಳಸಿ. ಕಟ್ಟಿಗೆ ಹೊಗೆಯಲ್ಲಿ ಬೇಯಿಸಿದ ರುಚಿ ಇಲ್ಲಿ ಪೂರ್ತಿ ಬರುವುದಿಲ್ಲ, ಆದರೂ ಇದರಿಂದ ವಾಸನೆಯಾದರೂ ಬರುತ್ತದೆ. ಮಾಂಸಕ್ಕೆಲ್ಲ ಚೆನ್ನಾಗಿ ತಿಕ್ಕಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ.

ಬೆಳಿಗ್ಗೆ ಕುಕ್ಕರ್ ತಳಕ್ಕೆ ಒಂದು ದೊಡ್ಡ ಈರುಳ್ಳಿ ಹೆಚ್ಚಿ ಹಾಕಿ, ಮೇಲೆ ಮಾಂಸ ಇಡಿ. ಕಾಲು ಕಪ್ ಆಪಲ್ ಸೈಡರ್ ವಿನೆಗರ್, ಕಾಲು ಕಪ್ ನೀರು. ಅಷ್ಟೇ ಸಾಕು, ಇನ್ನೂ ಸುರಿಯಲು ಕೈ ಹೋಗುತ್ತದೆ, ತಡೆದುಕೊಳ್ಳಿ. ಲೋ ಇಟ್ಟರೆ 8ರಿಂದ 10 ಗಂಟೆ, ಹೈ ಇಟ್ಟರೆ 5ರಿಂದ 6 ಗಂಟೆ. ಹೊತ್ತಿದ್ದರೆ ಲೋ ವಾಸಿ. ಸುಮ್ನೆ ಮುಚ್ಚಳ ತೆಗೆದು ನೋಡುತ್ತಿರಬೇಡಿ, ಬಿಸಿಯೆಲ್ಲ ಹೋಗಿ ಅಡುಗೆ ತಡವಾಗುತ್ತದೆ. ಫ್ರೀಜರ್‌ನಿಂದ ತೆಗೆದ ಗಟ್ಟಿ ಮಾಂಸವನ್ನಂತೂ ನೇರ ಹಾಕಲೇಬೇಡಿ. ಅದು ಬಿಸಿಯಾಗುವಷ್ಟರಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಬೇಕಾದಷ್ಟು ಸಮಯ ಸಿಗುತ್ತದೆ.

ಥರ್ಮಾಮೀಟರ್ ಇದ್ದರೆ ಒಳಗೆ 95 ಡಿಗ್ರಿ ಸೆಲ್ಸಿಯಸ್ ಬರಬೇಕು. 63 ಡಿಗ್ರಿಗೇ ಹಂದಿ ಮಾಂಸ ತಿನ್ನಲು ಸುರಕ್ಷಿತ, ಆದರೆ ಆಗ ಎಳೆ ಬಿಡಿಸಲು ಹೋದರೆ ರಬ್ಬರ್ ಎಳೆದಂತೆ. ಥರ್ಮಾಮೀಟರ್ ಇಲ್ಲದವರು ಫೋರ್ಕ್ ಚುಚ್ಚಿ ತಿರುಗಿಸಿ. ಮಾಂಸ ಎದುರಾಡದೆ ಬಿಚ್ಚಿಕೊಂಡರೆ ಆಯ್ತು. ಬಿಗಿಯಾಗಿದ್ದರೆ ಜಾಸ್ತಿ ಬೆಂದಿದೆ ಅಂದುಕೊಳ್ಳಬೇಡಿ, ಇನ್ನೂ ಬೆಂದಿಲ್ಲ ಅಂತಲೇ ಅರ್ಥ. ಇನ್ನೊಂದು ಗಂಟೆ ಬಿಡಿ.

ಈಗ ಮುಖ್ಯ ಕೆಲಸ. ಮಾಂಸ ತಟ್ಟೆಗೆ ತೆಗೆದು, ಉಳಿದ ರಸ ಸೋಸಿ. ಐದು ನಿಮಿಷ ಬಿಟ್ಟರೆ ಕೊಬ್ಬು ಹೊಂಬಣ್ಣದ ಪದರವಾಗಿ ಮೇಲೆ ನಿಲ್ಲುತ್ತದೆ. ಅದನ್ನು ಚಮಚದಲ್ಲಿ ತೆಗೆದುಹಾಕಿ, ರಸವನ್ನು ಅಗಲ ಬಾಣಲೆಯಲ್ಲಿ ಜೋರು ಉರಿಯಲ್ಲಿ ಮೂರನೇ ಒಂದು ಪಾಲಿಗೆ ಇಳಿಸಿ. ಮೊದಲು ಸಣ್ಣ ಗುಳ್ಳೆ ಪಟಪಟ ಒಡೆಯುತ್ತಿರುತ್ತವೆ, ಆಮೇಲೆ ಗುಳ್ಳೆ ದೊಡ್ಡದಾಗಿ ನಿಧಾನವಾಗುತ್ತವೆ. ಆಗ ಉರಿ ಆರಿಸಿ. ಉಪ್ಪು ಏರಿರುತ್ತದೆ, ರುಚಿ ನೋಡದೆ ಮತ್ತೆ ಉಪ್ಪು ಹಾಕಬೇಡಿ.

ಇದಕ್ಕೆ ಏನು ಸೇರಿಸಬೇಕು ಅನ್ನೋದು ಅಮೆರಿಕದಲ್ಲೇ ದೊಡ್ಡ ಜಗಳ. ನಾರ್ತ್ ಕ್ಯಾರೊಲೈನಾದ ಪೂರ್ವದವರಿಗೆ ವಿನೆಗರ್ ಮತ್ತು ಮೆಣಸಿನಕಾಯಿ ಸಾಕು, ಟೊಮೆಟೊ ಕೂಡದು. ಅದೇ ರಾಜ್ಯದ ಲೆಕ್ಸಿಂಗ್ಟನ್ ಕಡೆಯವರು ಕೆಚಪ್ ಸೇರಿಸುತ್ತಾರೆ. ಸೌತ್ ಕ್ಯಾರೊಲೈನಾದಲ್ಲಿ ಸಾಸಿವೆ ಸಾಸ್ ಹೆಸರುವಾಸಿ. ನಾನು ವಿನೆಗರ್ ಪಕ್ಷ. ಇಷ್ಟು ಕೊಬ್ಬಿಗೆ ಹುಳಿಯೇ ಸರಿಯಾದ ಜೋಡಿ. ಮೂರು ಚಮಚ ವಿನೆಗರ್, ಸ್ವಲ್ಪ ಒಣಮೆಣಸಿನ ಚೂರು, ಮಕ್ಕಳಿದ್ದರೆ ಒಂದು ಚಮಚ ಕೆಚಪ್.

ಬಿಸಿಯಿರುವಾಗಲೇ ಎರಡು ಫೋರ್ಕ್ ಹಿಡಿದು ಮಾಂಸದ ಎಳೆ ಬಿಡಿಸಿ. ತೀರಾ ಸಣ್ಣದು ಬೇಡ, ಬೆರಳಿನಷ್ಟು ದಪ್ಪದ ಚೂರುಗಳೂ ಇರಲಿ. ಓವನ್ ಇದ್ದರೆ ಟ್ರೇನಲ್ಲಿ ಹರಡಿ, ಅರ್ಧ ರಸ ಚಿಮುಕಿಸಿ, ಗ್ರಿಲ್ ಕೆಳಗೆ ನಾಲ್ಕೈದು ನಿಮಿಷ ಇಡಿ. ತುದಿಗಳು ಗರಿಗರಿಯಾಗುತ್ತವೆ. ಉಳಿದ ರಸ ಆಮೇಲೆ ಬೆರೆಸಿ.

ಬನ್‌ನ ಒಳಮೈಗೆ ಬೆಣ್ಣೆ ಸವರಿ ಕಾಯಿಸಿ. ಎಲೆಕೋಸು ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟು ಹಿಂಡಿ, ಮೇಯನೇಸ್ ಮತ್ತು ವಿನೆಗರ್ ಕಲಸಿದರೆ ಕೋಲ್‌ಸ್ಲಾ ಆಯಿತು. ಮಾಂಸದ ಮೇಲೆ ಅದನ್ನಿಟ್ಟು ಬನ್ ಮುಚ್ಚಿ.

ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ರಸದ ಜೊತೆಗೇ ಫ್ರಿಜ್‌ಗೆ ಸೇರಿಸಿ. ಮೂರು ನಾಲ್ಕು ದಿನ ಇರುತ್ತದೆ. ಮತ್ತೆ ಬಿಸಿ ಮಾಡಲು ಸ್ಲೋ ಕುಕ್ಕರ್ ಬೇಡ, ತುಂಬ ನಿಧಾನ. ಬಾಣಲೆಗೆ ಹಾಕಿ, ಹಬೆಯಾಡುವ ತನಕ ಕೈಯಾಡಿಸಿ.