ಕೀಟ ತಿನ್ನುವ ಗಿಡ ಹುಡುಕಲು ದಟ್ಟ ಕಾಡಿಗೆ ಹೋಗಬೇಡಿ

ಕೀಟ ತಿನ್ನುವ ಗಿಡ ಅಂದ ಕೂಡಲೇ ಎಲ್ಲರೂ ಕೇಳುವುದು ಹೂಜಿ ಗಿಡದ ಬಗ್ಗೆ. ಅದು ನಮ್ಮ ದೇಶದಲ್ಲಿ ತಾನಾಗಿ ಬೆಳೆಯುವುದು ಮೇಘಾಲಯದ ಗುಡ್ಡಗಳ ಕಡೆ. ಗೋವಾದಲ್ಲಿ ಸಿಗುವುದು ಎಲೆಯ ಅಂಟಿನಲ್ಲಿ ಕೀಟ ಹಿಡಿಯುವ ಡ್ರೋಸೆರಾ ಮತ್ತು ಪುಟ್ಟ ಚೀಲಗಳಲ್ಲಿ ಹಿಡಿಯುವ ಯುಟ್ರಿಕ್ಯುಲೇರಿಯಾ. ಎರಡೂ ಪುಟ್ಟ ಗಿಡಗಳು, ನಿಂತುಕೊಂಡು ನೋಡಿದರೆ ಹೆಚ್ಚಿನವು ಕಾಣುವುದೇ ಇಲ್ಲ.

ನಾನು ಧಾರವಾಡದವನು, ಕೆಲಸ ಗೋವಾದ ವಾಸ್ಕೋದಲ್ಲಿ. ಮಳೆಗಾಲದ ಭಾನುವಾರ ಬಂತೆಂದರೆ ಇದೇ ಹುಚ್ಚು. ಜೊತೆಗೆ ಬರುವ ಬಾಗಲಕೋಟೆಯ ಗೆಳೆಯ ಪ್ರತಿ ಸಲ ಕೇಳುತ್ತಾನೆ, "ಇಷ್ಟು ಸಣ್ಣ ಗಿಡ ನೋಡಾಕ ಇಷ್ಟು ದೂರ ಬರಬೇಕೇನಲೇ?" ಆದರೂ ಬರುತ್ತಾನೆ, ಬೈಕ್ ಅವನದೇ.

ದಟ್ಟ ಕಾಡಿನ ನೆರಳಲ್ಲಿ ಈ ಗಿಡಗಳು ಯಾಕೆ ಸಿಗುವುದಿಲ್ಲ ಅನ್ನುವುದು ತಿಳಿದರೆ ಅರ್ಧ ಹುಡುಕಾಟ ಮುಗಿದಂತೆ. ಕಾಡಿನಲ್ಲಿ ಎಲೆ ಕೊಳೆತು ಗೊಬ್ಬರವಾಗುತ್ತದೆ, ಆದರೆ ಬಿಸಿಲು ಕಡಿಮೆ. ಎಲೆಯನ್ನೇ ಬಲೆ ಮಾಡಿಕೊಂಡು, ಬೆಳಕಿನಿಂದ ಆಹಾರ ಮಾಡುವುದರಲ್ಲಿ ಹಿಂದೆ ಬಿದ್ದ ಗಿಡಕ್ಕೆ ಅದು ನಷ್ಟದ ವ್ಯಾಪಾರ. ಚಿರೇಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ಬಯಲಿನಲ್ಲಿ ಉಲ್ಟಾ. ಮಣ್ಣು ತೆಳು, ಇದ್ದಬದ್ದ ಸಾರಜನಕವನ್ನು ಮಳೆ ತೊಳೆದುಕೊಂಡು ಹೋಗಿರುತ್ತದೆ, ನೀರು ಮತ್ತು ಬೆಳಕು ಮಾತ್ರ ಬೇಕಾದಷ್ಟು. ಕೊರತೆಯಾದ ಸಾರಜನಕವನ್ನು ಗಿಡ ಕೀಟದಿಂದ ಪಡೆಯುತ್ತದೆ. ಅದಕ್ಕೇ ನಾನು ನೋಡುವುದು ಕಾಡಿನ ಅಂಚಿನ ಬಯಲುಗಳನ್ನು, ಚೋರ್ಲಾ ಘಾಟಿನ ಮೇಲ್ಭಾಗದಂಥ ಜಾಗಗಳನ್ನು. ಇಂಥ ಬಯಲಿಗೆ ಇಲ್ಲಿ ಸಡಾ ಅನ್ನುತ್ತಾರೆ. ಬೇಸಿಗೆಯಲ್ಲಿ ನೋಡಿದವರು ಅದನ್ನು ಬಂಜರು ಭೂಮಿ ಅಂದುಬಿಡುತ್ತಾರೆ, ಮಳೆಗಾಲದಲ್ಲಿ ಒಮ್ಮೆ ಬಂದು ನೋಡಬೇಕು ಅವರು.

ಬಯಲಿಗೆ ಹೋದ ಮೇಲೆ ನಾನು ಮೊದಲು ಹುಡುಕುವುದು ಈ ಗಿಡಗಳನ್ನಲ್ಲ, ಎರಿಯೊಕಾಲಾನನ್ನು. ಬಿಳಿ ದುಂಡು ತಲೆಯ ಆ ಗಿಡ ದೂರದಿಂದಲೇ ಕಾಣುತ್ತದೆ, ಅದು ಗುಂಪಾಗಿ ನಿಂತ ಕಡೆ ನೀರು ತೆಳ್ಳಗೆ ನಿಂತಿರುತ್ತದೆ ಅಂತ ಅರ್ಥ. ಅಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದರೆ ನೇರಳೆ ಬಣ್ಣದ ಯುಟ್ರಿಕ್ಯುಲೇರಿಯಾ ಹೂಗಳು ಸಿಗುತ್ತವೆ. ಮರಾಠಿಯವರು ಸೀತೆಚಿ ಆಸವೆ (ಸೀತೆಯ ಕಣ್ಣೀರು) ಅನ್ನುವುದು ಈ ಜಾತಿಯ ಹೂಗಳಿಗೇ. ರೆಟಿಕ್ಯುಲೇಟಾ ಎಂಬ ಜಾತಿಯಾದರೆ ಗದ್ದೆಯಲ್ಲೂ ಇರುತ್ತದೆ, ಹುಲ್ಲನ್ನೋ ಭತ್ತದ ಗಿಡವನ್ನೋ ಸುತ್ತಿಕೊಂಡು ಏರುತ್ತದೆ.

ಹೂವಲ್ಲಿ ಮಾಂಸಾಹಾರದ ಸುಳಿವೇ ಇಲ್ಲ. ಬಲೆಗಳೆಲ್ಲ ನೆಲದೊಳಗೆ, ಒಂದು ಮಿಲಿಮೀಟರಿನ ಆಸುಪಾಸಿನ ಚೀಲಗಳು. ಚೀಲ ತನ್ನೊಳಗಿನ ನೀರನ್ನು ಹೊರಗೆ ಹಾಕಿ ಬಿಗಿದುಕೊಂಡಿರುತ್ತದೆ, ಬಾಗಿಲ ಬಳಿಯ ಕೂದಲಿಗೆ ಹುಳ ತಾಗಿದರೆ ಬಾಗಿಲು ತೆರೆದು ಹುಳ ನೀರಿನ ಸಮೇತ ಒಳಗೆ ಹೋಗುತ್ತದೆ. ಇಷ್ಟೆಲ್ಲ ಆಗಲು ಒಂದು ಸೆಕೆಂಡಿನ ಸಾವಿರದಲ್ಲಿ ಕೆಲವೇ ಭಾಗ ಸಾಕು! ಇದನ್ನು ನೋಡಬೇಕೆಂದು ಗಿಡ ಕೀಳಬೇಡಿ. ಹೊಂಡಗಳಲ್ಲಿ ತೇಲುವ, ಹಳದಿ ಹೂವಿನ ಔರಿಯಾ ಜಾತಿ ಸಿಕ್ಕರೆ ನೀರಲ್ಲೇ ಸ್ವಲ್ಪ ಎತ್ತಿ ಲೆನ್ಸ್ ಹಿಡಿಯಿರಿ. ಊಟವಾದ ಚೀಲ ಕಪ್ಪಗಿರುತ್ತದೆ, ಖಾಲಿ ಚೀಲ ಪಾರದರ್ಶಕ.

ಡ್ರೋಸೆರಾಕ್ಕೆ ಮಳೆ ಬಿಡುವು ಕೊಟ್ಟ ಬೆಳಗ್ಗೆಯೇ ಒಳ್ಳೆಯದು, ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್. ಜೋರು ಮಳೆಯಲ್ಲಿ ಅಂಟು ತೊಳೆದು ಹೋಗುತ್ತದೆ, ಆಗ ಅದು ಸುಮ್ನೆ ಒಂದು ಕೆಂಪು ಕಡ್ಡಿ. ಸೂರ್ಯನಿಗೆ ಮುಖ ಮಾಡಿ ಕೂತರೆ ಅಂಟಿನ ಹನಿಗಳು ಹೊಳೆಯುತ್ತವೆ. ಉದ್ದ ತೆಳ್ಳಗಿನ ಎಲೆಯದ್ದು ಇಂಡಿಕಾ, ನೆಲಕ್ಕೆ ಅಂಟಿ ನಾಣ್ಯದಷ್ಟು ಅಗಲ ಹರಡಿದ್ದು ಬರ್ಮಾನಿ. ಬರ್ಮಾನಿಯ ಅಂಚಿನ ಕೂದಲುಗಳು ಕೆಲವೇ ಸೆಕೆಂಡುಗಳಲ್ಲಿ ಬಾಗುತ್ತವೆ, ಅದರ ಮೇಲೆ ಇರುವೆ ಬಿಟ್ಟು ಆಟ ನೋಡುವವರನ್ನು ಕಂಡರೆ ನನಗೆ ಸಿಟ್ಟು. ಇನ್ನೊಂದು ವಿಷಯ, ರಸ್ತೆ ಬದಿಯ ನಾಯಿಸಾಸಿವೆಯೂ ಅಂಟಂಟಾಗಿರುತ್ತದೆ, ಅದನ್ನು ತೋರಿಸಿ "ಇದೇ ಅಲ್ವಾ?" ಅನ್ನುವವರು ತುಂಬಾ ಜನ. ಅದು ಅಲ್ಲ.

ಮರಗಳ ನಡುವೆಯೇ ಹುಡುಕಬೇಕು ಅನ್ನುವವರಿಗೆ ಇರುವುದು ಯುಟ್ರಿಕ್ಯುಲೇರಿಯಾದ್ದೇ ಸ್ಟ್ರಿಯಾಟುಲಾ ಎಂಬ ಜಾತಿ. ಘಾಟಿಯಲ್ಲಿ ನೀರು ಜಿನುಗುವ ಬಂಡೆ, ಪಾಚಿ ಕಟ್ಟಿದ ಮರದ ಬೊಡ್ಡೆ, ಅಲ್ಲಿ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ತಿಳಿ ಗುಲಾಬಿ ಹೂವು, ನಡುವೆ ಹಳದಿ ಚುಕ್ಕೆ. ಉಂಬಳಗಳೂ ಅಲ್ಲೇ ಜಾಸ್ತಿ. ಪ್ಯಾಂಟನ್ನು ಸಾಕ್ಸ್ ಒಳಗೆ ತೂರಿಸಿ ಹೋಗಿ. ಬಯಲಿನಲ್ಲಿ ಉಂಬಳಕ್ಕಿಂತ ಪಾಚಿ ಅಪಾಯ, ಚಿರೇಕಲ್ಲು ವಿಪರೀತ ಜಾರುತ್ತದೆ. ಕಲ್ಲು ಎತ್ತಿ ನೋಡುವ ಚಾಳಿ ಬೇಡ, ಹಾವುಗಳಿರುತ್ತವೆ. ಮ್ಹಾದೇಯಿ, ಮೊಲ್ಲೆಂ ಅಭಯಾರಣ್ಯಗಳ ಒಳಗಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ತೆಗೆದುಕೊಳ್ಳಿ. ಫೋಟೋ ಹಾಕುವಾಗ ಜಾಗದ ಹೆಸರು ಹಾಕಬೇಡಿ, ಮುಂದಿನ ವಾರ ಅಲ್ಲಿ ಕಾರುಗಳು ನಿಂತಿರುತ್ತವೆ.