ಅಣಬೆ ರಿಸೊಟ್ಟೊ ಜೊತೆ ಯಾವ ವೈನ್?

ಪೋರ್ಚಿನಿ ಅಣಬೆ ಹಾಕಿ ರಿಸೊಟ್ಟೊ (ಇಟಲಿಯ ಮೆತ್ತನೆಯ ಅನ್ನದ ಅಡುಗೆ) ಮಾಡುವವರಿಗೆ ಒಂದು ಸಲಹೆ. ಇದರಲ್ಲಿ ಬೆಣ್ಣೆ, ಚೀಸ್ ಜಾಸ್ತಿ ಅಲ್ವಾ, ನಾಲಿಗೆ ಮೇಲೆ ಜಿಡ್ಡು ಕೂರುತ್ತದೆ. ಅದನ್ನು ತೊಳೆಯಲು ವೈನಿನಲ್ಲಿ ಹುಳಿ ಇರಬೇಕು. ನನ್ನ ಮೊದಲ ಆಯ್ಕೆ ಇಟಲಿಯ ಪಿಯೆಮೊಂಟೆ ಕಡೆಯ ಬಾರ್ಬೆರಾ. ಕೆಂಪು ವೈನೇ, ಆದರೆ ಒಗರು ಕಡಿಮೆ, ಹುಳಿ ಚೆನ್ನಾಗಿದೆ.

ಅದೇ ಸೀಮೆಯ ಬರೋಲೊಗೆ ಹೆಸರು ದೊಡ್ಡದು, ಒಗರೂ ದೊಡ್ಡದು. ಹೆಸರು ನೋಡಿ ಸುಮ್ನೆ ಒಂದು ಎಳೆಯ, ಅಂದರೆ ಹೆಚ್ಚು ವರ್ಷ ಮಾಗದ, ಬಾಟಲಿ ತೆರೆದಿದ್ದೆ. ಹಸಿ ಅಡಿಕೆ ಅಗಿದ ಹಾಗೆ ಬಾಯೆಲ್ಲ ಒಣಗಿತು, ಅಣಬೆಯ ಮಣ್ಣಿನ ಘಮ ಗೊತ್ತೇ ಆಗಲಿಲ್ಲ. ಬರೋಲೊ ಮಾಡುವ ನೆಬ್ಬಿಯೋಲೊ ದ್ರಾಕ್ಷಿಯದೇ ಬೇಕೆಂದರೆ ಲಾಂಗೆ ನೆಬ್ಬಿಯೋಲೊ ತೆಗೆದುಕೊಳ್ಳಿ. ಸಾಮಾನ್ಯವಾಗಿ ಮೆದುವಾಗಿರುತ್ತದೆ, ಜೇಬಿಗೂ ಹಗುರ.

ಬಿಳಿ ಇಷ್ಟವಾದರೆ ರೊಯೆರೊ ಅರ್ನೇಸ್. ಅಕ್ಕಿ ಹುರಿದ ಮೇಲೆ ಅದನ್ನೇ ಅರ್ಧ ಲೋಟ ಪಾತ್ರೆಗೂ ಸುರಿಯಿರಿ.

ಬಾರ್ಬೆರಾವನ್ನು ಕುಡಿಯುವ 20 ನಿಮಿಷ ಮೊದಲು ಫ್ರಿಜ್‌ನಲ್ಲಿಡಿ. 16 ಡಿಗ್ರಿ ಸುತ್ತಮುತ್ತ ಇದ್ದರೆ ಸಾಕು. ಬೆಚ್ಚಗಾದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ.

ಇನ್ನೊಂದು ಮಾತು, ವೈನಿಗೆ ಸಂಬಂಧವಿಲ್ಲ: ರಿಸೊಟ್ಟೊಗೆ ಹಾಕುವ ಪಾರ್ಮಿಜಾನೊ ರೆಜಾನೊ ಚೀಸ್ ಮಾಡುವಾಗ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಶುದ್ಧ ಸಸ್ಯಾಹಾರಿಗಳು ಲೇಬಲ್ ನೋಡಿ ಬೇರೆ ಚೀಸ್ ಆರಿಸಿಕೊಳ್ಳಿ.