ಗಂಡನ ರಿಪೋರ್ಟ್ ಹೆಂಡತಿಗೆ ಯಾರು ಹೇಳಬೇಕು?

ಎಚ್‌ಐವಿ ಪಾಸಿಟಿವ್ ಬಂದ ಗಂಡಸು "ಸಿಸ್ಟರ್, ಮನೆಯವಳಿಗೆ ಮಾತ್ರ ಹೇಳಬೇಡಿ" ಅಂತ ಕೈ ಮುಗಿಯುತ್ತಾನೆ. ದಾವಣಗೆರೆಯ ಮೆಡಿಕಲ್ ವಾರ್ಡಿನಲ್ಲಿ ನನಗೆ ಇದು ಹೊಸದಲ್ಲ. ಹೊಸದಾಗಿ ಸೇರಿದ ಹುಡುಗಿಯರು ಕೇಳುತ್ತಾರೆ, "ಆ ಹೆಂಗಸಿಗೆ ಹೇಳದಿದ್ದರೆ ಪಾಪ ಅಲ್ವಾ ಅಕ್ಕಾ?"

ಪಾಪವೇ. ಆದರೆ ಹೇಳುವ ಅಧಿಕಾರ ನರ್ಸ್‌ಗಿಲ್ಲ. 1998ರಲ್ಲಿ ಸುಪ್ರೀಂ ಕೋರ್ಟ್, ಮದುವೆಯಾಗಬೇಕಿದ್ದ ಹುಡುಗಿಗೆ ವಿಷಯ ಗೊತ್ತಾದದ್ದರಲ್ಲಿ ಆಸ್ಪತ್ರೆಯ ತಪ್ಪಿಲ್ಲ ಅಂದಿತ್ತು. ಹಿರಿಯರು ಈಗಲೂ ಅದನ್ನೇ ಹೇಳುತ್ತಾರೆ. 2017ರ ಎಚ್‌ಐವಿ ಕಾಯ್ದೆ ಬಂದ ಮೇಲೆ ದಾರಿ ಬೇರೆ. ಸಂಗಾತಿಗೆ ಹೇಳಬಹುದಾದವರು ಡಾಕ್ಟರ್ ಅಥವಾ ಕೌನ್ಸೆಲರ್ ಮಾತ್ರ. ಅವರೂ ಮೊದಲು ರೋಗಿಯನ್ನೇ ಒಪ್ಪಿಸಲು ನೋಡಬೇಕು, ಆತ ಹೇಳುವುದಿಲ್ಲ ಅನ್ನೋದು ಖಾತ್ರಿಯಾಗಬೇಕು, "ನಾವೇ ಹೇಳ್ತೀವಿ" ಅಂತ ಅವನಿಗೆ ತಿಳಿಸಿರಬೇಕು. ರೋಗಿ ಹೆಂಗಸಾಗಿದ್ದು, ಹೇಳಿದರೆ ಗಂಡ ಹೊಡೆಯುವ, ಮನೆಯಿಂದ ಹೊರಹಾಕುವ ಭಯವಿದ್ದರೆ ಹೇಳುವಂತೆಯೇ ಇಲ್ಲ.

ಹಾಗಾದರೆ ನಮ್ಮ ಕೆಲಸ ಏನು? ಅವನ ಬಾಯಿಂದಲೇ ಬರುವ ಹಾಗೆ ಮಾಡುವುದು.

ಒಬ್ಬ ಮೆಕ್ಕೆಜೋಳದ ವ್ಯಾಪಾರಿ ಇದ್ದ. (ಕಸುಬು ಬೇಕಂತಲೇ ಬದಲಿಸಿದ್ದೇನೆ.) ಹೆಂಡತಿ ಮಂಚದ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. "ತೂಕ ನೋಡೋಣ ಬನ್ನಿ ಅಣ್ಣಾ" ಅಂತ ಡ್ರೆಸ್ಸಿಂಗ್ ರೂಮಿಗೆ ಕರೆದೊಯ್ದೆ. ಹೇಳಿ ಅಂತ ಒತ್ತಾಯಿಸಲಿಲ್ಲ, ಯಾಕೆ ಹೆದರಿಕೆ ಅಂತ ಕೇಳಿದೆ.

"ಮಗೂನ ಎತ್ಕೊಂಡು ತವರಿಗೆ ಹೋಗಿಬಿಡ್ತಾಳೆ ಸಿಸ್ಟರ್."

"ನಾನಂತೂ ಹೇಳಲ್ಲ. ಡಾಕ್ಟರ್ ಹೇಳಬಹುದು, ಅದೂ ನಿಮಗೆ ತಿಳಿಸಿಯೇ. ಆದರೆ ದಿನಾ ಮಾತ್ರೆ ತಗೋಬೇಕು. ಡಬ್ಬಿ ಎಷ್ಟು ದಿನ ಮುಚ್ಚಿಡ್ತೀರಾ? ಆಕೆ ಈಗಲೇ ಟೆಸ್ಟ್ ಮಾಡಿಸಿದರೆ, ಬೇಕಾದರೆ ಮಾತ್ರೆ ಆಕೆಗೂ ಪುಕ್ಕಟೆ ಸಿಗುತ್ತೆ."

ಸುಮ್ನೆ ತೂಕದ ಮುಳ್ಳು ನೋಡುತ್ತಾ ನಿಂತ. ಮರುದಿನ ಕೌನ್ಸೆಲರ್ ಮುಂದೆ ತಾನೇ ಹೇಳಿದ. ಆಕೆ ಅತ್ತಳು, ಬೈದಳು. ಆಮೇಲೆ ಮಗುವಿನದೂ ಟೆಸ್ಟ್ ಮಾಡಿ ಅಂದಳು. ಇಬ್ಬರದೂ ನೆಗೆಟಿವ್. ಆಕೆ ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಬೇಕು ಅಂತ ಚೀಟಿ ಬರೆದುಕೊಟ್ಟರು.

ಊರಿಂದ ಬಂದ ಅವನ ಅಣ್ಣ ಮಾತ್ರ ಡಿಸ್ಚಾರ್ಜ್ ಆಗುವವರೆಗೂ "ಟೈಫಾಯಿಡ್ ತಾನೇ ಸಿಸ್ಟರ್?" ಅಂತ ಕೇಳುತ್ತಲೇ ಇದ್ದ. "ನಿಮ್ಮ ತಮ್ಮನ್ನೇ ಕೇಳಿ" ಅಂದೆ. ಅವನಿಗೆ ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.